ಬೇಲಿ ಕತ್ತರಿಯಲ್ಲಿ ಇರುವೆ

ನಮ್ಮ ಮನೆಯಲ್ಲಿ ಕರೆಂಟಿನ ಸಣ್ಣ ಶಾಕಿಗೆ ಇರುವೆ ಎನ್ನುತ್ತಾರೆ. ನಮ್ಮ ಮನೆ ಎಂದರೆ ನನ್ನ ಹೆಂಡತಿಯ ಮನೆ. ನಾನು ಅಲ್ಲಿ ಮನೆ ಅಳಿಯ. ಮದುವೆಯಾದ ಮೊದಲ ವಾರ ಫ್ರಿಜ್ಜಿನ ಬಾಗಿಲು ತೆಗೆಯಲು ಹೋದಾಗ ಮಾವ ಪತ್ರಿಕೆಯಿಂದ ತಲೆ ಎತ್ತದೆ, "ಚಪ್ಪಲಿ ಹಾಕ್ಕೊಂಡು ಮುಟ್ಟಿ ಅಳಿಯಂದಿರೇ, ಅದರಲ್ಲಿ ಇರುವೆ ಇದೆ" ಎಂದರು. ನಾನು ಬಗ್ಗಿ ಬಾಗಿಲಿನ ಸಂದು, ರಬ್ಬರಿನ ಮಡಿಕೆ, ಕೆಳಗಿನ ತಟ್ಟೆ ಎಲ್ಲವನ್ನೂ ಹುಡುಕಿದೆ. ಒಂದೂ ಕಾಣಲಿಲ್ಲ. ಇರುವೆಗೂ ಚಪ್ಪಲಿಗೂ ಏನು ಸಂಬಂಧ ಎಂದು ಕೇಳುವ ಸ್ವಭಾವ ನನ್ನದಲ್ಲ. ಬರಿಗಾಲಲ್ಲೇ ಹಿಡಿಕೆ ಹಿಡಿದೆ. ಮೊಣಕೈವರೆಗೆ ಜುಮ್ಮೆಂದಿತು.

"ಸಿಕ್ತಾ?" ಎಂದರು ಮಾವ.

ಅಂದೇ ಸಂಜೆ ಅವರು ಫ್ರಿಜ್ಜನ್ನು ಸರಿಮಾಡಿದರು, ಜೊತೆಗೆ ನನಗೆ ಇರುವೆಗಳ ಜಾತಿಯನ್ನೂ ಹೇಳಿಕೊಟ್ಟರು. ಬೆರಳ ತುದಿಯಲ್ಲಿ ಹರಿದಾಡಿದ ಹಾಗಾದರೆ ಕರಿ ಇರುವೆ. ಕೈ ತಾನಾಗಿ ಹಿಂದೆ ಬಂದರೆ ಕೆಂಪಿರುವೆ. ಬಾಯಿಂದ ಮಾತು ಹೊರಡದಿದ್ದರೆ ಗೊದ್ದ. ಆಗ ಮೇನ್ ಸ್ವಿಚ್ ಆರಿಸಿ, ಕೂತು, ನೀರು ಕುಡಿಯಬೇಕು. ಗೊದ್ದಕ್ಕಿಂತ ಮೇಲೆ ಏನು ಎಂದು ಕೇಳಿದೆ. ಮಾವ ಸ್ಕ್ರೂಡ್ರೈವರ್ ಒರೆಸುತ್ತಾ ಸುಮ್ಮನಾದರು. ಅವರು ಮೂವತ್ತೆಂಟು ವರ್ಷ ಮೋಟರುಗಳಿಗೆ ತಾಮ್ರದ ತಂತಿ ಸುತ್ತಿದ ವರ್ಕ್‌ಶಾಪಿನ ಫೋಟೋ ಒಂದು ನಡುಮನೆಯಲ್ಲಿದೆ. ಅದರಲ್ಲಿ ಆರು ಜನ ನಿಂತಿದ್ದಾರೆ. ಮಾವ ಐದು ಜನರ ಕಥೆ ಮಾತ್ರ ಹೇಳುತ್ತಾರೆ.

ನನಗೆ ಆ ಮನೆ ಹಿಡಿಸಿದ್ದು ಇಂಥ ಮೌನಗಳಿಂದಲೇ. ನಾನು ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವವನು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಅವಳ ಪಾಳಿ ಬದಲಾಗುತ್ತಾ ಇರುತ್ತದೆ. ಹಾಗಾಗಿ ಹಗಲೆಲ್ಲ ಮಾವ ಮತ್ತು ನಾನು ಇಬ್ಬರೇ. ಅವರು ಹಿತ್ತಲಿನ ಶೆಡ್ಡಿನಲ್ಲಿ, ನಾನು ಕಿಟಕಿಯ ಬಳಿ. ಗಂಟೆಗಟ್ಟಲೆ ಮಾತಿಲ್ಲ. ಮಾತಿಲ್ಲ ಎಂದು ಇಬ್ಬರಿಗೂ ಅನಿಸುವುದೂ ಇಲ್ಲ.

ನಿವೃತ್ತರಾದ ಮೇಲೆ ಮಾವನಿಗೆ ಉಳಿದದ್ದು ಎರಡು: ಆ ಶೆಡ್ಡು ಮತ್ತು ಬೇಲಿ. ನಮ್ಮದು ಬೀದಿಯ ಮೂಲೆಮನೆ. ಎರಡು ಬದಿಗೂ ಎದೆಯೆತ್ತರದ ಹಸಿರು ಬೇಲಿ. ಹದಿನೈದು ದಿನಕ್ಕೊಮ್ಮೆ ಮಾವ ಅದನ್ನು ವಿದ್ಯುತ್ ಕತ್ತರಿಯಿಂದ ಸವರುತ್ತಾರೆ. ಬೇಲಿಯ ನೆತ್ತಿ ಎಷ್ಟು ಮಟ್ಟಸವೆಂದರೆ, ಅಂಚೆಯವನು ಒಮ್ಮೆ ತನ್ನ ಚಹಾ ಲೋಟವನ್ನು ಅದರ ಮೇಲಿಟ್ಟು ರಸೀತಿ ಬರೆದುಕೊಂಡ. ಮಾವ ಆ ದಿನವೆಲ್ಲ ಖುಷಿಯಾಗಿದ್ದರು.

ಕತ್ತರಿ ಹಳೆಯದು. ಲೋಹದ ಮೈ, ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದದ ಹಲ್ಲು. ಯಾರೋ ಗುಜರಿಗೆ ಹಾಕಿದ್ದನ್ನು ತಂದು ಮಾವ ತಾವೇ ತಂತಿ ಸುತ್ತಿ ಬದುಕಿಸಿದ್ದು. ಹೋದ ಚಳಿಗಾಲದಲ್ಲಿ ಅದು ತನ್ನ ಹೊಕ್ಕುಳಬಳ್ಳಿಯನ್ನು ತಾನೇ ಕತ್ತರಿಸಿಕೊಂಡಿತ್ತು. ಎಲೆಗಳ ನಡುವೆ ವೈರು ಕಾಣದೆ ಮಾವ ಅದರ ಮೇಲೇ ಹಲ್ಲು ಹಾಯಿಸಿದ್ದರು. ಢಬ್ ಎಂದು ಮನೆಯೆಲ್ಲ ಕತ್ತಲಾಯಿತು. ಸೋಪು ಹಚ್ಚಿಕೊಂಡ ಮುಖದಲ್ಲೇ ಸ್ನಾನದ ಮನೆಯಿಂದ ಓಡಿಬಂದ ನನ್ನ ಹೆಂಡತಿ ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ಮುಟ್ಟಿ ನೋಡಿದಳು. ಏನೂ ಆಗಿರಲಿಲ್ಲ. ಆಮೇಲೆ ತಣ್ಣಗೆ ಹೇಳಿದಳು: "ಇನ್ನೊಂದು ಸಲ ಏನಾದರೂ ಆಯಿತು ಅಂದ್ರೆ ಶೆಡ್ಡಿಗೆ ನನ್ನ ಬೀಗ. ಬೇಲಿ ಸವರೋಕೆ ಆಳು ಬರ್ತಾನೆ. ನೀವು ಕುರ್ಚಿ ಹಾಕ್ಕೊಂಡು ನೋಡ್ಕೊಂಡಿರಿ."

ಮಾವ ಬೈಗುಳಕ್ಕೆ ಹೆದರುವವರಲ್ಲ. ಆದರೆ ಆ ಕುರ್ಚಿಗೆ ಹೆದರಿದರು. ಶೆಡ್ಡಿನ ಬೀಗದ ಕೈಯನ್ನು ಅಂದಿನಿಂದ ದಾರಕ್ಕೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕತ್ತರಿಗೆ ಶೆಡ್ಡಿನಲ್ಲಿದ್ದ ಯಾವುದೋ ವೈರು ಹಾಕಿ ಮತ್ತೆ ಓಡಿಸತೊಡಗಿದರು. ನನಗೂ ಒಂದು ಕೆಲಸ ಕೊಟ್ಟರು: ಅಡುಗೆಮನೆಯ ಸಾಕೆಟ್ಟಿಗೆ ಪ್ಲಗ್ಗು ಹಾಕುವುದು, ಆಮೇಲೆ ಹೊರಗೆ ಬಂದು ವೈರನ್ನು ಅವರ ಹೆಗಲ ಮೇಲಿಂದ ಹಿಂದಕ್ಕೆ ಹಿಡಿದು ನಿಲ್ಲುವುದು.

"ರಾಣಿಯ ಸೆರಗು ಹಿಡಿದ ಹಾಗೆ ಹಿಡೀರಿ. ನೆಲಕ್ಕೆ ತಾಗಬಾರದು."

ಹೀಗಿರುವಾಗ ನನ್ನ ಅಮ್ಮ ಎರಡು ವಾರ ನಮ್ಮಲ್ಲಿರಲು ಬಂದಳು. ಅಮ್ಮ ಮೂವತ್ತು ವರ್ಷ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ ನಡೆಸಿದವಳು. ಕೊಳೆ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಬಂದ ನಾಲ್ಕು ದಿನದಲ್ಲಿ ಪರದೆಗಳು, ಕಾಲೊರಸುಗಳು, ನನ್ನ ಪೆನ್ನಿನ ಚೀಲ, ಕೊನೆಗೆ ಮಾವನ ಟೋಪಿಯೂ ನೀರು ಕಂಡವು. "ಬೀಗರ ಮನೆಗೆ ಬಂದು ಸುಮ್ಮನೆ ಕೂತು ಉಂಡರೆ ಚೆನ್ನಾಗಿರಲ್ಲ" ಎನ್ನುವುದು ಅವಳ ಸಮಜಾಯಿಷಿ.

"ಬೀಗಿತ್ತಿಯವರೇ, ಮುಂದಿನ ವಾರ ನನ್ನನ್ನೂ ನೆನೆ ಹಾಕ್ತೀರೇನೋ" ಎಂದರು ಮಾವ.

"ಬಣ್ಣ ಬಿಡದಿದ್ದರೆ ಹಾಕ್ತೀನಿ ಬೀಗರೇ."

ಆ ಶನಿವಾರ ಪಕ್ಕದ ಬೀದಿಯ ಕಡೆಯ ಬೇಲಿ ಸವರಲು ನಿಂತೆವು. ಅರ್ಧ ಮುಗಿದಿತ್ತು. ಮಾವ ಯಂತ್ರ ನಿಲ್ಲಿಸಿ, ಕನ್ನಡಕ ಒರೆಸಿಕೊಳ್ಳಲು ಅದನ್ನು ನನ್ನ ಕೈಗೆ ಕೊಟ್ಟರು. ನನ್ನ ಹೆಬ್ಬೆರಳು ಹಿಡಿಕೆಯ ಟೇಪು ದಾಟಿ ಲೋಹಕ್ಕೆ ತಾಗಿತು. ಕೈ ತಾನಾಗಿ ಹಿಂದೆ ಬಂತು. ಯಂತ್ರ ಹುಲ್ಲಿನ ಮೇಲೆ ಬಿತ್ತು.

"ಮಾವ, ಇರುವೆ. ಕೆಂಪು."

ಅವರು ಬಗ್ಗಿ ಬೆರಳಿನ ಹಿಂಬದಿಯಿಂದ ಲೋಹದ ಮೈಯನ್ನು ಸವರಿದರು. ಅದು ಅವರ ವೃತ್ತಿಯ ಅಭ್ಯಾಸ. ಅಂಗೈಯಿಂದ ಮುಟ್ಟಿದರೆ ಮುಷ್ಟಿ ಬಿಗಿದುಕೊಳ್ಳುತ್ತದಂತೆ. ಒಮ್ಮೆ ಸವರಿದರು, ಇನ್ನೊಮ್ಮೆ ಸವರಿದರು. "ಎಲ್ಲಿ? ಏನೂ ಇಲ್ಲ. ನಿಮ್ಮ ಕೈ ಬೆವರಿದೆ ಅಷ್ಟೇ."

ಕೈ ಬೆವರಿತ್ತು ನಿಜ. ಆದರೆ ನಾನು ನೋಡುತ್ತಿದ್ದದ್ದು ಅವರ ಕೈಯನ್ನು. ಹೆಬ್ಬೆರಳಿನ ತುದಿಯಲ್ಲಿ ಗುಲಾಬಿಯ ಮುಳ್ಳೊಂದು ಅರ್ಧ ಮುರಿದು ನಿಂತಿತ್ತು. ಸುತ್ತ ರಕ್ತ ಒಣಗಿತ್ತು. ಗುಲಾಬಿ ಗಿಡದ ಹತ್ತಿರ ನಾವು ಹೋಗಿದ್ದು ಬೆಳಿಗ್ಗೆ, ಮೂರು ಗಂಟೆಯ ಹಿಂದೆ. ಅವರಿಗೆ ಆ ಮುಳ್ಳು ಗೊತ್ತೇ ಇರಲಿಲ್ಲ.

ಮತ್ತೆ ಹತ್ತು ನಿಮಿಷ ಬೇಲಿ ಸವರಿದರು. ನಾನು ಸೆರಗು ಹಿಡಿದು ನಿಂತೆ. "ನಿಲ್ಲಿಸಿ" ಎನ್ನಬೇಕಿತ್ತು, ಎನ್ನಲಿಲ್ಲ. ಹೇಳಿದರೆ ಹೆಂಡತಿಗೆ ತಿಳಿಯುತ್ತದೆ, ತಿಳಿದರೆ ಬೀಗ ಬೀಳುತ್ತದೆ, ಬೀಗ ಬಿದ್ದರೆ ಈ ಮನುಷ್ಯ ಕುರ್ಚಿಯ ಮೇಲೆ ಕೂತು ಇನ್ನೊಬ್ಬ ಸೊಟ್ಟಗೆ ಸವರುವುದನ್ನು ನೋಡಬೇಕಾಗುತ್ತದೆ. ಸುಮ್ಮನಿರುವುದೇ ಮರ್ಯಾದೆ ಎಂದುಕೊಂಡೆ. ಅವರೇ "ಮುಂದಿನ ಬದಿ ನಾಳೆ" ಎಂದು ನಿಲ್ಲಿಸಿ, ಕತ್ತರಿಯನ್ನು ಹಿತ್ತಲ ಜಗಲಿಯ ಮೇಲೇ ಬಿಟ್ಟಾಗ ನಾನು ಓಡಿಹೋಗಿ ಪ್ಲಗ್ಗು ಕಿತ್ತೆ.

ಆ ಸಂಜೆ ಹೆಂಡತಿ ರಾತ್ರಿ ಪಾಳಿಗೆ ಹೋದ ಮೇಲೆ ಊಟಕ್ಕೆ ಕೂತವರು ನಾವು ಮೂವರು. ನನಗೆ ತಡೆಯಲಾಗಲಿಲ್ಲ. ಅನ್ನ ಕಲಸುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದೆ: "ಬೇಲಿ ಕತ್ತರಿಯಲ್ಲಿ ಇರುವೆ ಇದೆ ಮಾವ. ನಿಜವಾಗಿಯೂ ಇದೆ."

"ಇಲ್ಲ ಅಂದ್ನಲ್ಲ."

"ತುಂಬಾನೇ ಇದೆ."

"ನಾಳೆ ನೋಡೋಣ ಬಿಡಿ" ಎಂದು ಮಾವ ಕೈ ತೊಳೆಯಲು ಎದ್ದರು. ಅಮ್ಮ ಇಬ್ಬರ ಮುಖವನ್ನೂ ನೋಡಿದಳು, ಏನೂ ಕೇಳಲಿಲ್ಲ. ಕೇಳದಿರುವ ಗುಣ ನನಗೆ ಬಂದದ್ದು ಅವಳಿಂದಲೇ.

ಭಾನುವಾರ ಒಂಬತ್ತು ಗಂಟೆಗೆ ಮಾವ ಹಿತ್ತಲ ಜಗಲಿಯಿಂದ ಕತ್ತರಿಯನ್ನು ಎತ್ತಿ ಬಿಸಿಲಿಗೆ ಹಿಡಿದರು. ಅದು ಫಳಫಳ ಹೊಳೆಯುತ್ತಿತ್ತು. ವರ್ಷಗಳ ಎಲೆಯಂಟು, ಎಣ್ಣೆಜಿಡ್ಡು ಒಂದೂ ಇರಲಿಲ್ಲ.

"ಅಳಿಯಂದಿರೇ, ನಿನ್ನೆ ಇರುವೆ ಇಲ್ಲ ಅಂದೆ ಅಂತ ಇಷ್ಟೊಂದು ಸೇವೆನಾ?" ಎಂದು ನಕ್ಕು, ವೈರನ್ನು ಹೆಗಲ ಮೇಲೆ ಹಾಕಿಕೊಂಡು ಮುಂದಿನ ಬೇಲಿಯ ಹತ್ತಿರ ಹೋಗಿ ನಿಂತರು.

ನಾನು ಒರೆಸಿರಲಿಲ್ಲ. ಮಾವನೇ ಒರೆಸಿ ನನ್ನನ್ನು ಛೇಡಿಸುತ್ತಿದ್ದಾರೆ ಎಂದುಕೊಂಡು ಅಡುಗೆಮನೆಗೆ ಹೋದೆ. ಕಿಟಕಿಯಿಂದ ಮಾವ ಕಾಣುತ್ತಿದ್ದರು. ಒಂದು ಕೈ ಹಿಡಿಕೆಯ ಮೇಲೆ, ಇನ್ನೊಂದು ಲೋಹದ ಮೈಯ ಕೆಳಗೆ. ಪ್ಲಗ್ಗು ನನ್ನ ಕೈಯಲ್ಲಿತ್ತು.

"ಹಾಕಿ" ಎಂದರು ಮಾವ.

ಒಲೆಯ ಬಳಿ ಚಹಾ ಸೋಸುತ್ತಿದ್ದ ಅಮ್ಮ ಹೇಳಿದಳು: "ಇವತ್ತು ಆರಾಮಾಗಿ ಸವರಲಿ. ಒಂದು ಇರುವೆಯೂ ಉಳಿದಿಲ್ಲ. ಮೂರು ಬಕೆಟ್ ನೀರು ಹಾಕಿದೆ. ಸೋಪು ಹಾಕಿ ಒಂದು, ಬರೀ ನೀರು ಎರಡು. ಆ ಗಾಳಿ ಹೋಗೋ ತೂತಿನ ಒಳಗೂ ಬಿಟ್ಟೆ. ಒಳಗೇ ಗೂಡು ಕಟ್ಟಿರ್ತಾವೆ."

ಪ್ಲಗ್ಗಿನ ಪಿನ್ನುಗಳಿಗೂ ಸಾಕೆಟ್ಟಿನ ತೂತುಗಳಿಗೂ ನಡುವೆ ಒಂದು ಬೆರಳಗಲ ಇತ್ತು.

"ಹಾಕಿ ಅಂದೆ" ಎಂದರು ಮಾವ ಹೊರಗಿನಿಂದ.

"ಹಾಕಲ್ಲ" ಎಂದೆ.

ಮೂರು ವರ್ಷದಲ್ಲಿ ನಾನು ಅವರಿಗೆ ಹೇಳಿದ ಮೊದಲ ಇಲ್ಲ ಅದು. ಅವರಿಗೆ ಕೇಳಿಸಲಿಲ್ಲವೇನೋ ಎಂಬಂತೆ ಕಿಟಕಿಯ ಕಡೆ ನೋಡಿದರು. ನಾನು ಪ್ಲಗ್ಗನ್ನು ಅಂಗಿಯ ಜೇಬಿಗೆ ತುರುಕಿಕೊಂಡು ಹೊರಗೆ ಓಡಿ, ಅವರ ಕೈಯಿಂದ ಕತ್ತರಿಯನ್ನು ತೆಗೆದುಕೊಂಡು ತಲೆಕೆಳಗು ಮಾಡಿದೆ. ಗಾಳಿಯ ತೂತುಗಳಿಂದ ನೊರೆನೀರು ಮಾವನ ಶೂಗಳ ಮೇಲೆ ಸುರಿಯಿತು.

ಬಾಗಿಲಿಗೆ ಬಂದ ಅಮ್ಮ, "ಇನ್ನೂ ಆರಿಲ್ವಾ?" ಎಂದಳು.

ಮಾವ ನೀರನ್ನು ನೋಡಿದರು, ಅಮ್ಮನನ್ನು ನೋಡಿದರು. "ಬೀಗಿತ್ತಿಯವರೇ, ಇದನ್ನು ತೊಳೆದ್ರಾ?"

"ಇರುವೆ ಇದೆ ಅಂದ್ನಲ್ಲ ಇವನು ರಾತ್ರಿ. ತುಂಬಾನೇ ಇದೆ ಅಂದ. ನೀವು ಇಬ್ಬರೂ ಅದೇ ಮುಖ ಮಾಡ್ಕೊಂಡು ಎದ್ರಿ. ಸರಿ, ಮಾತಿಗಿಂತ ನೀರು ಮೇಲು ಅಂತ..."

ಮಾವನ ಭುಜ ಅಲುಗತೊಡಗಿತು. ನಕ್ಕರು. ಕನ್ನಡಕ ತೆಗೆದು, ಕಣ್ಣು ಒರೆಸಿಕೊಂಡು, ಬೇಲಿ ಹಿಡಿದು ನಕ್ಕರು. ನಾನೂ ನಕ್ಕೆ. ನಗು ಯಾಕೆಂದು ತಿಳಿಯದ ಅಮ್ಮನಿಗೆ ಇರುವೆ ಎಂದರೆ ಏನೆಂದು ನಾನು ಹೇಳಿದಾಗ ಅವಳ ಮುಖ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಂತಾಯಿತು. ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು.

ಆ ಹೊತ್ತಿಗೆ ಗೇಟು ಕಿರುಗುಟ್ಟಿತು. ಪಾಳಿ ಮುಗಿಸಿದ ಹೆಂಡತಿ ಚೀಲ ಹಿಡಿದು ನಿಂತಿದ್ದಳು.

"ಏನಾಯಿತು?"

"ತಪ್ಪು ನಂದೇ ಕಣಮ್ಮ" ಎಂದಳು ಅಮ್ಮ. "ಇರುವೆ ಹೋಗಲಿ ಅಂತ ತೊಳೆದುಬಿಟ್ಟೆ. ನನಗೇನು ಗೊತ್ತು ನಿಮ್ಮ ಮನೆ ಇರುವೆ ಬೇರೆ ಅಂತ."

ಹೆಂಡತಿ ನಗಲಿಲ್ಲ. ಚೀಲವನ್ನು ನಿಧಾನವಾಗಿ ಕೆಳಗಿಟ್ಟಳು. "ಇರುವೆ ಇದೆ ಅಂತ ಯಾರು ಹೇಳಿದ್ದು?"

ಮೂವರೂ ನನ್ನನ್ನು ನೋಡಿದರು. ನನಗೆ ಇಷ್ಟವಾದ ಮೌನಗಳಲ್ಲಿ ಅದು ಒಂದಲ್ಲ.

"ನಾನು. ನಿನ್ನೆ ಮುಟ್ಟಿದೆ, ಕಚ್ಚಿತು."

"ಅಪ್ಪಾ?"

ಮಾವ ಬೇಲಿಯ ಒಂದು ಎಲೆಯನ್ನು ಚಿವುಟುತ್ತಿದ್ದರು. ಸೊಂಟದ ದಾರ ಅಂಗಿಯ ಕೆಳಗಿಂದ ಇಣುಕುತ್ತಿತ್ತು. ಅಲ್ಲಿಗೇ ನಿಲ್ಲಿಸಿಬಿಡಬಹುದಿತ್ತು. ಯಂತ್ರ ಕೆಟ್ಟಿತ್ತು, ಅಮ್ಮ ತೊಳೆದಳು, ಯಾರಿಗೂ ಏನೂ ಆಗಲಿಲ್ಲ. ಆ ಮುಳ್ಳು ಇನ್ನೂ ಅವರ ಹೆಬ್ಬೆರಳಿನಲ್ಲೇ ಇತ್ತು.

"ಅವರಿಗೆ ಕಚ್ಚಲಿಲ್ಲ" ಎಂದೆ.

ನರ್ಸಿಗೆ ಅಷ್ಟು ಸಾಕಾಯಿತು. ಅಪ್ಪನ ಕೈ ಹಿಡಿದು ತಿರುಗಿಸಿ ಮುಳ್ಳನ್ನು ನೋಡಿದಳು. ಸೆರಗಿಗೆ ಚುಚ್ಚಿದ್ದ ಪಿನ್ನನ್ನು ಅಮ್ಮ ಕೇಳದೆಯೇ ತೆಗೆದುಕೊಟ್ಟಳು. "ಕಣ್ಣು ಮುಚ್ಚಿ. ಚುಚ್ಚಿದಾಗ ಹೇಳಿ" ಎಂದಳು ಹೆಂಡತಿ.

ಮಾವ ಕಣ್ಣು ಮುಚ್ಚಿದರು. ಅವಳು ತೋರುಬೆರಳಿಗೆ ಚುಚ್ಚಿದಳು. ಮಾವ ಸುಮ್ಮನಿದ್ದರು. ನಡುಬೆರಳಿಗೆ ಚುಚ್ಚಿದಳು. ಸುಮ್ಮನಿದ್ದರು. ಪಿನ್ನನ್ನು ದೂರ ಹಿಡಿದು ಕಾದಳು.

"ಈಗ ಚುಚ್ಚಿದೆ" ಎಂದರು ಮಾವ.

"ಇಲ್ಲಪ್ಪ."

ಅವರು ಕಣ್ಣು ತೆರೆಯಲಿಲ್ಲ. ಹಾಗೆಯೇ ಹೇಳಿದರು: "ಸಕ್ಕರೆ ಇದ್ದಲ್ಲಿ ಇರುವೆ ಬರುತ್ತೆ ಅಂತಾರೆ. ನನಗೆ ಸಕ್ಕರೆ ಬಂತು, ಇರುವೆ ಬಿಟ್ಟು ಹೋಯಿತು."

"ಎಷ್ಟು ದಿನದಿಂದ?"

"ಚಳಿಗಾಲದಿಂದ. ಶೆಡ್ಡಿನ ಕಪಾಟಿನ ಮೇಲಿನ ಹಲಗೆಯಲ್ಲಿ ಮೂರು ತಂತಿಯ ವೈರು ಇತ್ತು. ಹತ್ತಿ ತೆಗೆಯೋಕೆ ಬೇಸರವಾಗಿ ಕೈಗೆ ಸಿಕ್ಕ ಎರಡು ತಂತಿಯದು ಹಾಕಿದೆ. ಮೂರನೆಯದು, ಅರ್ಥಿಂಗ್, ಇಲ್ಲದಿದ್ದರೇನು, ಕರೆಂಟು ಸೋರಿದರೆ ಇರುವೆ ಹೇಳುತ್ತಲ್ಲ ಅಂದುಕೊಂಡೆ. ನಲವತ್ತು ವರ್ಷ ಅದು ಹೇಳ್ತಾ ಬಂತು. ಈಗಲೂ ಹೇಳ್ತಾ ಇತ್ತೇನೋ. ನನಗೆ ಕೇಳಿಸಲಿಲ್ಲ."

ದಾರ ಬಿಚ್ಚಿ, ಬೀಗದ ಕೈಯನ್ನು ಮೆಟ್ಟಿಲ ಮೇಲಿಟ್ಟರು. ನನ್ನ ಹೆಂಡತಿ ಅದನ್ನು ನೋಡಿದಳೇ ಹೊರತು ಮುಟ್ಟಲಿಲ್ಲ. ಅವಳ ಕೈ ಇನ್ನೂ ಅಪ್ಪನ ಬೆರಳುಗಳನ್ನು ಹಿಡಿದಿತ್ತು. ಇಬ್ಬರೂ ಅದನ್ನು ಎತ್ತಿಕೊಳ್ಳದಿದ್ದುದರಿಂದ ಅಮ್ಮ ಎತ್ತಿಕೊಂಡಳು.

"ಇದು ಮಗಳ ಕೈಗೆ ಹೋದರೆ ಬೀಗ. ಬೀಗಿತ್ತಿ ಕೈಲಿದ್ದರೆ ಬೀಗತನ" ಎಂದಳು. "ಯಂತ್ರ ಸರಿಯಾಗೋವರೆಗೆ ನನ್ನ ಹತ್ರ ಇರಲಿ. ನೀರು ಹಾಕಿದವಳು ನಾನು, ಆರಿಸೋ ಜವಾಬ್ದಾರಿಯೂ ನಂದೇ."

ಹೆಂಡತಿ ಮೊದಲ ಬಾರಿ ನಕ್ಕಳು. ಆಮೇಲೆ ಬಾಗಿಲಲ್ಲೇ ಕೂತು, ಮುಳ್ಳು ತೆಗೆದು, ಔಷಧ ಹಚ್ಚುತ್ತಾ ಷರತ್ತು ಹೇಳಿದಳು. ನಾಳೆ ಡಾಕ್ಟರ ಹತ್ತಿರ. ಕತ್ತರಿಗೆ ಮೂರು ತಂತಿ. ಅಡುಗೆಮನೆಯ ಸಾಕೆಟ್ಟಿಗೆ, ಸೋರಿಕೆಯಾದ ಕ್ಷಣವೇ ಬೀಳುವ ಬ್ರೇಕರ್. "ಊರವರಿಗೆಲ್ಲ ಅದನ್ನು ಹಾಕಿಕೊಟ್ಟವರು ನೀವು. ನಮ್ಮ ಮನೆಯಲ್ಲಿ ಇಲ್ಲ. ಇನ್ನು ಮೇಲೆ ನಿಮ್ಮ ಬೆರಳು ಟೆಸ್ಟರ್ ಅಲ್ಲ."

"ಮತ್ತೆ ಯಾವುದು?"

"ಶೆಡ್ಡಿನಲ್ಲಿ ಚೀಲದೊಳಗೆ ಮೀಟರ್ ಇದೆಯಲ್ಲ. ಅದು."

"ಅದನ್ನು ಹಿಡಿಯೋಕೂ ಬೆರಳು ಬೇಕು."

"ಅದಕ್ಕೆ ಇವರಿದ್ದಾರೆ" ಎಂದಳು, ನನ್ನ ಕಡೆ ನೋಡದೆ. ಅಂದು ನನಗೆ ಸಿಕ್ಕ ಶಿಕ್ಷೆಯೂ ಅಷ್ಟೇ, ಕ್ಷಮೆಯೂ ಅಷ್ಟೇ.

ಮುಂದಿನ ಐದು ದಿನ ಕರಡು ಪುಸ್ತಕಗಳು ಕಾದವು. ಅಮ್ಮ ಬೆಳಿಗ್ಗೆ ಬೀಗ ತೆಗೆಯುವಳು, ಸಂಜೆ ಹಾಕುವಳು. ಕತ್ತರಿಯನ್ನು ಬಿಚ್ಚಿ ಹಳೆಯ ಚಾದರದ ಮೇಲೆ ಹರಡಿದೆವು. ಮೂರು ದಿನ ಬಿಸಿಲು, ಸಂಜೆ ಬಲ್ಬಿನ ಕಾವು. ಬಟ್ಟೆ ಎಷ್ಟು ಆರಿದೆ ಎಂದು ಕೆನ್ನೆಗೆ ಒತ್ತಿ ನೋಡುವವಳು ಅಮ್ಮ. ತಾಮ್ರದ ಸುರುಳಿಗೂ ಕೆನ್ನೆ ಒತ್ತಲು ಹೋದಾಗ ಮಾವ ಮೀಟರನ್ನು ತೋರಿಸಿದರು. ಮೀಟರಿನ ಮುಳ್ಳು ಎಲ್ಲಿಗೆ ಬರಬೇಕೋ ಅಲ್ಲಿಗೆ ಬರಲು ನಾಲ್ಕನೇ ದಿನವಾಯಿತು. ಇರುವೆಯ ಮೂಲವೂ ಸಿಕ್ಕಿತು: ಹಿಡಿಕೆಯೊಳಗೆ ಒಂದು ತಂತಿಯ ಹೊದಿಕೆ ಉಜ್ಜಿ ಸವೆದು ಲೋಹಕ್ಕೆ ಒರಗಿ ಕೂತಿತ್ತು.

ಮಾವ ಹೇಳಿದರು, ನಾನು ಮಾಡಿದೆ. ಎಷ್ಟು ಸುಲಿಯಬೇಕು, ಎಷ್ಟು ಬಿಗಿಯಬೇಕು. ಬಿಗಿದ ಮೇಲೆ ಎಳೆದು ನೋಡಬೇಕು. ಹಲ್ಲಿನಲ್ಲಿ ಸಿಕ್ಕ ಕಡ್ಡಿ ತೆಗೆಯುವಾಗಲೂ ಮೊದಲು ಪ್ಲಗ್ಗು ಕೀಳಬೇಕು, ಆಮೇಲೆ ಕೈ.

"ಈ ಮೂರನೆಯದು ಇದೆಯಲ್ಲ, ಇದು ಏನು ಮಾಡುತ್ತೆ?" ಎಂದು ಕೇಳಿದೆ. ಗೊತ್ತಿತ್ತು, ಅವರ ಬಾಯಲ್ಲಿ ಕೇಳಬೇಕೆನಿಸಿತು.

"ಏನೂ ಮಾಡಲ್ಲ. ಅದು ಮನೆ ಅಳಿಯ ಇದ್ದ ಹಾಗೆ. ಎಲ್ಲ ಸರಿ ಇರುವಾಗ ಸುಮ್ಮನೆ ಬಿದ್ದಿರುತ್ತೆ. ಇದ್ದರೂ ಗೊತ್ತಾಗಲ್ಲ, ಇಲ್ಲದಿದ್ದರೂ ಗೊತ್ತಾಗಲ್ಲ." ಮಾವ ಸ್ಕ್ರೂ ಒಂದನ್ನು ನನ್ನ ಅಂಗೈಗೆ ಹಾಕಿದರು. ಹಾಕುವ ಮುನ್ನ ಅದು ಎರಡು ಸಲ ಅವರ ಬೆರಳುಗಳಿಂದ ಜಾರಿತ್ತು. "ಎಡವಟ್ಟಾದ ದಿನ ಮಾತ್ರ ಅದರ ಕೆಲಸ. ಆ ದಿನ ಅದೂ ಸುಮ್ಮನಿದ್ದರೆ ಕಷ್ಟ."

ನಾನು ಸ್ಕ್ರೂ ತಿರುಗಿಸಿದೆ. ಆಮೇಲೆ ಅವರು, ಇನ್ಯಾವುದೋ ಮಾತು ಮುಂದುವರಿಸುವಂತೆ, ವರ್ಕ್‌ಶಾಪಿನ ಫೋಟೋದ ಆರನೆಯವನು ಒಳ್ಳೆಯ ಈಜುಗಾರನಾಗಿದ್ದ ಎಂದರು. ಗೊದ್ದಕ್ಕಿಂತ ಮೇಲೆ ಏನು ಎಂದು ನಾನು ಮತ್ತೆ ಕೇಳಲಿಲ್ಲ.

ಮುಂದಿನ ಶನಿವಾರ ಅಮ್ಮ ಊರಿಗೆ ಹೊರಡುವ ದಿನ. ಬೆಳಿಗ್ಗೆ ಹೆಂಡತಿ ಹೊಸ ಬ್ರೇಕರಿನ ಪರೀಕ್ಷೆಯ ಗುಂಡಿ ಒತ್ತಿದಳು. ಟಕ್ ಎಂದು ಬಿತ್ತು. ಮೂರು ಸಲ ಒತ್ತಿದಳು, ಮೂರು ಸಲವೂ ಬಿತ್ತು. ಆಗ ಅಮ್ಮ ಸೆರಗಿನ ಗಂಟು ಬಿಚ್ಚಿ ಬೀಗದ ಕೈಯನ್ನು ಮಾವನ ಅಂಗೈಯಲ್ಲಿಟ್ಟಳು. ದಾರವನ್ನೂ ತೊಳೆದಿದ್ದಳು, ಅದು ಬೆಳ್ಳಗಾಗಿತ್ತು. ಮಾವ ಮಗಳ ಮುಖ ನೋಡಿದರು. ಅವಳು ಚಹಾ ಕುಡಿಯುತ್ತಿದ್ದಳು.

ಮೂರು ವಾರ ಸವರದೆ ಮುಂದಿನ ಬೇಲಿ ಕೆದರಿದ ತಲೆಯಂತಾಗಿತ್ತು. ನಾನು ಮೀಟರ್ ಹಿಡಿದೆ. ಮಾವ ದೂರ ನಿಂತು, "ಇರುವೆ?" ಎಂದರು.

"ಇಲ್ಲ."

"ಸರಿಯಾಗಿ ನೋಡಿ ಹೇಳಿ."

ಮತ್ತೆ ನೋಡಿದೆ. "ಇಲ್ಲ ಮಾವ."

ಪ್ಲಗ್ಗು ಹಾಕಿ ಬಂದು ಸೆರಗು ಹಿಡಿದೆ. ಕತ್ತರಿ ಗುಂಯ್ ಎಂದಿತು. ಮಾವನ ಕೈಗೆ ಈಗ ರಬ್ಬರಿನ ಗವಸು. ಬೆರಳಿಗೆ ತಿಳಿಯದ್ದನ್ನು ಅವರ ಕಣ್ಣು ಅಳೆಯುತ್ತಿತ್ತು. ಬೇಲಿಯ ನೆತ್ತಿ ಗೆರೆ ಎಳೆದಂತೆ ಹಿಂದೆ ಹಿಂದೆ ಹುಟ್ಟುತ್ತಾ ಬಂತು. ಅಮ್ಮ ಚೀಲ ಕಟ್ಟಿಕೊಂಡು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು.

ಗೇಟಿನ ಹತ್ತಿರ ಬಂದಾಗ ಮಾವ ತಟ್ಟನೆ ಗುಂಡಿ ಬಿಟ್ಟು, "ಇರುವೆ" ಎಂದರು.

ನಾನು ವೈರು ಬಿಸಾಡಿ ಅಡುಗೆಮನೆಗೆ ಓಡಿ ಪ್ಲಗ್ಗು ಕಿತ್ತೆ. ಬ್ರೇಕರ್ ಬಿದ್ದಿರಲಿಲ್ಲ. ಮರಳಿ ಬರುವಾಗ ಹೆಂಡತಿಯೂ ಓಡಿಬಂದಿದ್ದಳು. ಮಾವ ಕತ್ತರಿಯನ್ನು ಹುಲ್ಲಿನ ಮೇಲಿಟ್ಟು, ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿ ನಿಂತಿದ್ದರು. ಗವಸಿನ ಅಂಚಿನಿಂದ ಒಂದು ಗೇಣು ಮೇಲೆ ಕೆಂಪಿರುವೆಯೊಂದು ಚರ್ಮ ಕಚ್ಚಿಕೊಂಡು ಬಾಲ ಎತ್ತಿತ್ತು. ಬೇಲಿಯೊಳಗಿನ ಗೂಡಿನದು, ನಿಜವಾದದ್ದು.

"ಉರೀತಾ ಇದೆ" ಎಂದರು ಮಾವ. ಅವರು ಅದನ್ನು ಒರೆಸಿ ಹಾಕಲಿಲ್ಲ. ಬಹಳ ದಿನದ ಮೇಲೆ ಮನೆಗೆ ಬಂದ ನೆಂಟರನ್ನು ನೋಡುವ ಹಾಗೆ ನೋಡುತ್ತಿದ್ದರು. "ಇಲ್ಲಿವರೆಗೂ ಚೆನ್ನಾಗಿ ಉರೀತಾ ಇದೆ."

ಹೆಂಡತಿ ಅವರ ಮೊಣಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮೆಟ್ಟಿಲ ಮೇಲಿಂದ ಅಮ್ಮ ಅರ್ಧ ಎದ್ದು ಕೇಳಿದಳು:

"ಬಕೆಟ್ ತರಲಾ ಬೀಗರೇ?"